ದೇವರ ಡಬ್ಬಿಯ ಹಳೇ ನಾಣ್ಯಗಳನ್ನು ಓದುವುದು ಹೇಗೆ

ವರಮಹಾಲಕ್ಷ್ಮಿ ಹಬ್ಬ ಬಂತೆಂದರೆ ಎಷ್ಟೋ ಮನೆಗಳಲ್ಲಿ ಒಂದು ಪುಟ್ಟ ಡಬ್ಬಿ ಹೊರಗೆ ಬರುತ್ತದೆ. ಅದರಲ್ಲಿ ಅಜ್ಜಿಯ ಕಾಲದ ಬೆಳ್ಳಿ ರೂಪಾಯಿ, ತೂತಿನ ಕಾಸು, ಕಮಲದ ಚಿತ್ರದ ಇಪ್ಪತ್ತು ಪೈಸೆ, ಯಾವುದೋ ಕಪ್ಪು ತಾಮ್ರದ ಬಿಲ್ಲೆ, ಎಲ್ಲ ಒಟ್ಟಿಗೆ ಇರುತ್ತವೆ. ಹುಣಸೆಹಣ್ಣು ಹಾಕಿ ಉಜ್ಜುತ್ತೇವೆ. ಕಳಶದ ಮುಂದೆ ಇಟ್ಟು ಅರಿಶಿನ ಕುಂಕುಮ ಹಚ್ಚುತ್ತೇವೆ. ಆಮೇಲೆ ಮತ್ತೆ ಡಬ್ಬಿಗೆ ಹಾಕಿ ಮುಚ್ಚುತ್ತೇವೆ. ಅವುಗಳ ಮೇಲೆ ಏನು ಬರೆದಿದೆ ಎಂದು ಕೂತು ಓದುವವರು ಕಡಿಮೆ. ಪ್ರತಿ ವರ್ಷ ಉಜ್ಜಿದಾಗಲೂ ಆ ಬರಹ ಸ್ವಲ್ಪ ಸ್ವಲ್ಪ ಸವೆಯುತ್ತಾ ಹೋಗುತ್ತದೆ.

ಮುಂದಿನ ಹಬ್ಬದೊಳಗೆ ಒಂದು ಭಾನುವಾರ ಇದಕ್ಕೆ ಕೊಡಿ. ನಾಣ್ಯ ಮಾರುವ ಯೋಚನೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಮೊದಲು ಓದಬೇಕು. ಓದದೆ ಮಾರಿದವರು ಮೋಸ ಹೋಗುತ್ತಾರೆ. ಓದದೆ ಉಜ್ಜಿದವರು ಮನೆಯ ಚರಿತ್ರೆಯನ್ನು ಕೈಯಾರೆ ಅಳಿಸುತ್ತಾರೆ.

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಒಂದು ಮೆತ್ತನೆಯ ಟವೆಲ್, ಭೂತಗನ್ನಡಿ (ಇಲ್ಲದಿದ್ದರೆ ಫೋನಿನ ಕ್ಯಾಮೆರಾ), ಒಂದು ಅಯಸ್ಕಾಂತ, ಒಂದು ನೋಟ್‌ಬುಕ್. ಚಿನ್ನ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿ ಸಿಕ್ಕರೆ ಇನ್ನೂ ಒಳ್ಳೆಯದು. ಅದು ಗ್ರಾಮಿನ ನೂರನೇ ಒಂದು ಭಾಗದವರೆಗೆ ತೋರಿಸಬೇಕು.

ಮೊದಲನೆಯದು: ಉಜ್ಜಬೇಡಿ

ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ನಮ್ಮಲ್ಲಿ ತಾಮ್ರ, ಹಿತ್ತಾಳೆ ಅಂದರೆ ಫಳಫಳ ಹೊಳೆಯಬೇಕು. ಪಾತ್ರೆಗೆ ಆ ಮಾತು ಸರಿ, ನಾಣ್ಯಕ್ಕೆ ಸರಿಯಲ್ಲ. ತಾಮ್ರದ ಮೇಲೆ ಕಾಲಕಾಲಕ್ಕೆ ಕೂಡುವ ಕಂದು ಪದರ, ಬೆಳ್ಳಿಯ ಮೇಲಿನ ಕಪ್ಪು ಛಾಯೆ, ಇವು ಒಳಗಿನ ಲೋಹವನ್ನು ಕಾಯುತ್ತವೆ. ಹುಣಸೆಹಣ್ಣು, ನಿಂಬೆಹಣ್ಣಿನ ಹುಳಿ ಆ ಪದರವನ್ನು ಕರಗಿಸುತ್ತದೆ. ಬೂದಿ, ಪಾತ್ರೆ ತೊಳೆಯುವ ಪುಡಿ ಅಕ್ಷರಗಳ ಅಂಚನ್ನೇ ತೇಯುತ್ತದೆ. ಸಂಗ್ರಾಹಕರು ಉಜ್ಜಿದ ನಾಣ್ಯವನ್ನು ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ, ಬೆಲೆಯನ್ನೂ ಇಳಿಸುತ್ತಾರೆ.

ಕುಂಕುಮ, ಎಣ್ಣೆ ಅಂಟಿ ಓದಲು ಆಗುತ್ತಿಲ್ಲವೇ? ಡಿಸ್ಟಿಲ್ಡ್ ವಾಟರಿನಲ್ಲಿ ಒಂದು ರಾತ್ರಿ ನೆನೆಸಿ. ಬ್ಯಾಟರಿಗೆ ಹಾಕುವ ನೀರು ಅಂತ ಅಂಗಡಿಯಲ್ಲಿ ಸಿಗುತ್ತದಲ್ಲ, ಅದೇ. ತೆಗೆದು ಹತ್ತಿ ಬಟ್ಟೆಯ ಮೇಲಿಟ್ಟು ಒಣಗಲು ಬಿಡಿ. ಒರೆಸಬೇಡಿ, ಒತ್ತಿ ತೇವ ತೆಗೆಯಿರಿ. ಅಷ್ಟು ಸಾಕು. ಪೂಜೆಗೆ ಹೊಳೆಯುವ ನಾಣ್ಯವೇ ಬೇಕು ಅನ್ನುವವರು ಈಗಿನ ಸ್ಟೀಲ್ ನಾಣ್ಯಗಳನ್ನು ಬೇರೆ ಇಟ್ಟುಕೊಳ್ಳಿ. ಹಳೆಯವಕ್ಕೆ ಹೂವು ಅಕ್ಷತೆ ಸಾಕು.

ಇನ್ನೊಂದು ಅಭ್ಯಾಸ ಈಗಲೇ ಮಾಡಿಕೊಳ್ಳಿ. ನಾಣ್ಯವನ್ನು ಯಾವಾಗಲೂ ಅಂಚಿನಲ್ಲಿ ಹಿಡಿಯಿರಿ. ಬೆರಳಿನ ಬೆವರು ಮುಖದ ಮೇಲೆ ಕಲೆ ಬಿಡುತ್ತದೆ. ಕೆಳಗೆ ಟವೆಲ್ ಹಾಸಿರಲಿ, ಕೈ ಜಾರಿ ಬಿದ್ದರೂ ಪೆಟ್ಟಾಗುವುದಿಲ್ಲ.

ಎರಡನೆಯದು: ಅಯಸ್ಕಾಂತ ಹಿಡಿಯಿರಿ

ಡಬ್ಬಿಯನ್ನು ಟವೆಲ್ ಮೇಲೆ ಸುರಿಯಿರಿ. ಒಂದೊಂದಕ್ಕೂ ಅಯಸ್ಕಾಂತ ತಾಗಿಸಿ ನೋಡಿ. ಚಿನ್ನ, ಬೆಳ್ಳಿ, ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಯಾವುದೂ ಅಂಟುವುದಿಲ್ಲ. ಅಂಟುವುದು ಎರಡೇ ಬಗೆ: ಶುದ್ಧ ನಿಕ್ಕಲ್ಲಿನವು, ಮತ್ತು ಇತ್ತೀಚಿನ ಸ್ಟೇನ್‌ಲೆಸ್ ಸ್ಟೀಲಿನವು.

ಇಲ್ಲೇ ಮೊದಲ ಅಚ್ಚರಿ ಕಾದಿರುತ್ತದೆ. ಎಷ್ಟೋ ಮನೆಗಳಲ್ಲಿ 1947ರ ಒಂದು ರೂಪಾಯಿಯನ್ನು ಬೆಳ್ಳಿ ಎಂದು ಜೋಪಾನ ಮಾಡಿರುತ್ತಾರೆ. ಒಂದು ಕಡೆ ಆರನೇ ಜಾರ್ಜ್ ದೊರೆ, ಇನ್ನೊಂದು ಕಡೆ ನಡೆಯುತ್ತಿರುವ ಹುಲಿ. ಅಯಸ್ಕಾಂತ ಹಿಡಿದರೆ ಟಪ್ಪೆಂದು ಅಂಟುತ್ತದೆ. ಅದು ನಿಕ್ಕಲ್. 1946 ಮತ್ತು 1947ರ ಹುಲಿ ಚಿತ್ರದ ಎಂಟಾಣೆ, ನಾಲ್ಕಾಣೆಗಳೂ ಅಷ್ಟೇ.

ಬೆಳ್ಳಿ ಹೋಗಿ ನಿಕ್ಕಲ್ ಬಂದದ್ದರ ಹಿಂದೆ ಒಂದು ಯುದ್ಧವೇ ಇದೆ. ಎರಡನೇ ಮಹಾಯುದ್ಧದಲ್ಲಿ ಜನ ಬೆಳ್ಳಿ ನಾಣ್ಯಗಳನ್ನು ಮನೆಯಲ್ಲಿ ಕೂಡಿಡತೊಡಗಿದರು. ನಾಣ್ಯ ಹೊಡೆಯಲು ಬೆಳ್ಳಿ ಸಾಲದಾಯಿತು. 1940ರಲ್ಲಿ ಸರ್ಕಾರ ರೂಪಾಯಿಯ ಬೆಳ್ಳಿಯನ್ನು ಸುಮಾರು ಶೇ. 92ರಿಂದ ಶೇ. 50ಕ್ಕೆ ಇಳಿಸಿತು. ಉಳಿದದ್ದು ತಾಮ್ರ, ನಿಕ್ಕಲ್, ಸತು. ಅದೂ ಸಾಲದೆ ಅಮೆರಿಕದಿಂದ 22 ಕೋಟಿ ಔನ್ಸಿಗೂ ಜಾಸ್ತಿ ಬೆಳ್ಳಿಯನ್ನು ಸಾಲ ತಂದಿತು. ಯುದ್ಧ ಮುಗಿದ ಮೇಲೆ ಆ ಸಾಲವನ್ನು ಬೆಳ್ಳಿಯಾಗಿಯೇ ತೀರಿಸಬೇಕಿತ್ತು. ಹಾಗಾಗಿ ಬೆಳ್ಳಿ ನಾಣ್ಯಗಳನ್ನು ಚಲಾವಣೆಯಿಂದ ಹಿಂದಕ್ಕೆ ಪಡೆದು ನಿಕ್ಕಲ್ ನಾಣ್ಯ ಬಿಟ್ಟರು. ನಿಮ್ಮ ಡಬ್ಬಿಯಲ್ಲಿ 1942ರ ರೂಪಾಯಿ ಉಳಿದಿದ್ದರೆ ಯಾರೋ ಅದನ್ನು ಆಗ ಹಿಂದಿರುಗಿಸದೆ ಇಟ್ಟುಕೊಂಡಿದ್ದಾರೆ ಎಂದು ಅರ್ಥ.

ತೂತಿನ ಕಾಸೂ ಇದೇ ಯುದ್ಧದ ಕೂಸು. 1943ರಿಂದ 1947ರವರೆಗೆ ಬಂದ ಒಂದು ಪೈಸೆ ಅದು. ತಾಮ್ರ ಉಳಿಸಲು ನಡುವೆ ತೂತು ಮಾಡಿದರು. ನಮ್ಮ ಜನ ಆ ತೂತಿಗೂ ಕೆಲಸ ಹುಡುಕಿದರು. ಮಕ್ಕಳ ಉಡಿದಾರಕ್ಕೆ ಪೋಣಿಸಿದರು. ಬೋಲ್ಟಿಗೆ ವಾಷರ್ ಮಾಡಿಕೊಂಡವರೂ ಇದ್ದರು.

ಮೂರನೆಯದು: ತೂಗಿ ನೋಡಿ

ಅಯಸ್ಕಾಂತಕ್ಕೆ ಅಂಟದ, ಬೆಳ್ಳಿಯಂತೆ ಕಾಣುವ ರೂಪಾಯಿಗಳನ್ನು ತಕ್ಕಡಿಗೆ ಹಾಕಿ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ. ಚೆನ್ನಾಗಿ ಸವೆದಿದ್ದರೂ 11.2ರ ಆಸುಪಾಸು ಬರಬೇಕು. 9 ಅಥವಾ 10 ಗ್ರಾಂ ತೋರಿಸಿದರೆ ಅನುಮಾನ ಪಡಿ.

ಆ 11.66 ಗ್ರಾಂ ಅಂದರೆ ಸರಿಯಾಗಿ ಒಂದು ತೊಲ. ರೂಪಾಯಿಯೇ ತೂಕದ ಬಟ್ಟೂ ಆಗಿತ್ತು. ಅಂಗಡಿಯವರು ತಕ್ಕಡಿಯ ಒಂದು ಕಡೆ ರೂಪಾಯಿ ಇಟ್ಟು ಇನ್ನೊಂದು ಕಡೆ ಸಾಮಾನು ತೂಗುತ್ತಿದ್ದರು. 80 ರೂಪಾಯಿ ತೂಕಕ್ಕೆ ಒಂದು ಪಕ್ಕಾ ಸೇರು. ಮೈಸೂರು ಸೀಮೆಯ ಕಚ್ಚಾ ಸೇರು 24 ರೂಪಾಯಿ ತೂಕ. ಮನೆಯ ಹಿರಿಯರ ಹಳೇ ಅಡುಗೆ ಲೆಕ್ಕದಲ್ಲೋ ಔಷಧಿ ಲೆಕ್ಕದಲ್ಲೋ ‘ಎರಡು ರೂಪಾಯಿ ತೂಕ ಜೀರಿಗೆ’ ಅಂತ ಕಂಡರೆ ಅದು ಬೆಲೆಯಲ್ಲ, ತೂಕ. ಸುಮಾರು 23 ಗ್ರಾಂ ಹಾಕಿಕೊಳ್ಳಿ.

ಕರಾವಳಿಯಲ್ಲಿ ಈಗಲೂ ಚಿನ್ನವನ್ನು ‘ಪವನ್’ ಲೆಕ್ಕದಲ್ಲಿ ಕೇಳುತ್ತಾರೆ ಅಲ್ವಾ? ಅದೂ ಒಂದು ನಾಣ್ಯದ ತೂಕವೇ. ಇಂಗ್ಲೆಂಡಿನ ಸಾವರಿನ್ ಎಂಬ ಚಿನ್ನದ ನಾಣ್ಯ 7.98 ಗ್ರಾಂ ಇರುತ್ತದೆ. ವ್ಯವಹಾರದಲ್ಲಿ ಅದು ಎಂಟು ಗ್ರಾಂ ಆಗಿದೆ.

ನಾಲ್ಕನೆಯದು: ಮುಖ ನೋಡಿ, ಇಸವಿ ಬರೆದುಕೊಳ್ಳಿ

ದೊರೆಗಳ ನಾಣ್ಯಗಳನ್ನು ಮುಖದಿಂದಲೇ ಬೇರ್ಪಡಿಸಬಹುದು. ಬರಿತಲೆ, ಬಲಕ್ಕೆ ತಿರುಗಿದ ಮುಖ, 1835ನೇ ಇಸವಿ ಇದ್ದರೆ ನಾಲ್ಕನೇ ವಿಲಿಯಂ. ಕೂದಲು ಹಿಂದೆ ಕಟ್ಟಿದ ಎಳೆಯ ವಯಸ್ಸಿನ ವಿಕ್ಟೋರಿಯಾ ಇದ್ದರೆ 1840. ಈ ಎರಡರ ಹಿಂಬದಿಯಲ್ಲೂ ಈಸ್ಟ್ ಇಂಡಿಯಾ ಕಂಪನಿಯ ಹೆಸರಿದೆ. ಕಿರೀಟ ಇಟ್ಟ ವಿಕ್ಟೋರಿಯಾ 1862ರಿಂದ ಬಂದವಳು. 1876ರವರೆಗೆ ‘ಕ್ವೀನ್’, 1877ರಿಂದ ‘ಎಂಪ್ರೆಸ್’. ಅಂದರೆ ರಾಣಿ ಹೋಗಿ ಚಕ್ರವರ್ತಿನಿ. ಒಂದೇ ಒಂದು ಪದ ಬದಲಾಗಿದೆ. ದೇಶದ ಮೇಲಿನ ಹಿಡಿತ ಎಷ್ಟು ಬಿಗಿಯಾಯಿತು ಎಂದು ಆ ಪದವೇ ಹೇಳುತ್ತದೆ.

ಬೋಳುತಲೆ, ಗಡ್ಡ, ಬಲಕ್ಕೆ ತಿರುಗಿದ ಮುಖ ಇದ್ದರೆ ಏಳನೇ ಎಡ್ವರ್ಡ್. ಕಿರೀಟ ಮತ್ತು ಗಡ್ಡ ಎರಡೂ ಇದ್ದು ಮುಖ ಎಡಕ್ಕೆ ತಿರುಗಿದ್ದರೆ ಐದನೇ ಜಾರ್ಜ್. ಕಿರೀಟ ಇದ್ದು ಗಡ್ಡ ಇಲ್ಲದಿದ್ದರೆ ಆರನೇ ಜಾರ್ಜ್.

ಐದನೇ ಜಾರ್ಜನ ನಾಣ್ಯದಲ್ಲಿ 1911 ಅಂತ ಕಂಡರೆ ಭೂತಗನ್ನಡಿ ತೆಗೆದುಕೊಳ್ಳಿ. ದೊರೆಯ ನಿಲುವಂಗಿಯ ಮೇಲಿನ ಹಾರದಲ್ಲಿ ಒಂದು ಪುಟ್ಟ ಆನೆ ಇದೆ. ಕೆತ್ತಿದವರು ಸೊಂಡಿಲನ್ನು ಎಷ್ಟು ಗಿಡ್ಡ ಮಾಡಿದರೆಂದರೆ ಅದು ಹಂದಿಯಂತೆ ಕಂಡಿತು. ಧರ್ಮಕ್ಕೆ ಅವಮಾನ ಎಂದು ಮುಸ್ಲಿಮರು ಆಕ್ಷೇಪಿಸಿದರು. ಸರ್ಕಾರ ವಿತರಣೆ ನಿಲ್ಲಿಸಿತು. 1912ರಿಂದ ಸೊಂಡಿಲು ಸರಿಯಾಗಿ ಕಾಣುವಂತೆ ಹೊಸ ಅಚ್ಚು ಬಂತು. 1911ರದ್ದನ್ನೂ 1912ರ ಮೇಲಿನದ್ದನ್ನೂ ಅಕ್ಕಪಕ್ಕ ಇಟ್ಟು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ.

ಹೂವಿನ ದಳದಂಥ ಅಂಚಿನ ಒಂದಾಣೆ ಸಿಕ್ಕರೆ ಹಿಂಬದಿ ಓದಿ. 1907ರಿಂದ ಬಂದ ಈ ಆಣೆಯ ಮೇಲೆ ಇಂಗ್ಲಿಷ್ ಜೊತೆಗೆ ನಾಗರಿ, ಉರ್ದು, ಬಂಗಾಳಿ, ತೆಲುಗು ಬರಹ ಇದೆ. ಕನ್ನಡ ಇಲ್ಲ. ಆದರೂ ತೆಲುಗಿನ ‘ಒಕ ಅಣಾ’ ನಮಗೆ ಸಲೀಸಾಗಿ ಓದಲು ಬರುತ್ತದೆ. ಆಕಾರ ಬೇರೆ ಬೇರೆ ಮಾಡಿದ್ದೂ ಸುಮ್ನೆ ಅಲ್ಲ. ಅಕ್ಷರ ಬಾರದವರು, ಕಣ್ಣು ಕಾಣದವರು ಬೆರಳಲ್ಲೇ ಗುರುತು ಹಿಡಿಯಬೇಕಿತ್ತು. ಎರಡಾಣೆ ಚೌಕ. ಆಮೇಲೆ ಬಂದ ಮೂರು ಪೈಸೆಗೆ ಆರು ಮೂಲೆ. ಐದು ಪೈಸೆ ಮತ್ತೆ ಚೌಕ.

ಸ್ವತಂತ್ರ ಭಾರತದ ಮೊದಲ ನಾಣ್ಯಗಳು ಬಂದದ್ದು 1950ರ ಆಗಸ್ಟ್ 15ರಂದು. ಅಲ್ಲಿಯವರೆಗೆ ದೊರೆಯ ಮುಖದ ನಾಣ್ಯಗಳೇ ಓಡಾಡಿದವು. ದೊರೆಯ ಜಾಗಕ್ಕೆ ಅಶೋಕ ಸ್ತಂಭದ ಸಿಂಹಗಳು ಬಂದವು. ರೂಪಾಯಿಗೆ ಗೋಧಿಯ ತೆನೆ, ಆಣೆಗಳಿಗೆ ಎತ್ತು, ಪೈಸೆಗೆ ಕುದುರೆ. ಲೆಕ್ಕ ಮಾತ್ರ ಹಳೆಯದೇ: ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಪೈಸೆಗೆ 3 ಪೈ.

1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆ ಆಯಿತು. ಹಳೇ ಪೈಸೆಗೂ ಹೊಸದಕ್ಕೂ ಗೊಂದಲ ಆಗದಿರಲಿ ಎಂದು ‘ನಯಾ ಪೈಸೆ’ ಅಂದರು. ನಾಣ್ಯದ ಮೇಲೆ ಹಿಂದಿಯಲ್ಲಿ ‘ರೂಪಾಯಿಯ ನೂರನೇ ಭಾಗ’ ಎಂದು ಬರೆದು ಜನರಿಗೆ ಲೆಕ್ಕ ಕಲಿಸಿದರು. 1964ರಲ್ಲಿ ‘ನಯಾ’ ಬಿಟ್ಟುಹೋಯಿತು. ಆಣೆ ಮಾತ್ರ ನಾಲಿಗೆಯಿಂದ ಹೋಗಲೇ ಇಲ್ಲ. 25 ಪೈಸೆಗೆ ನಾಲ್ಕಾಣೆ, 50 ಪೈಸೆಗೆ ಎಂಟಾಣೆ ಅನ್ನುತ್ತಲೇ ಬೆಳೆದೆವು. 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳು 2011ರ ಜೂನ್ ಕೊನೆಗೆ ಚಲಾವಣೆಯಿಂದ ಹೋದವು. 50 ಪೈಸೆ ಕಾನೂನಿನ ಪ್ರಕಾರ ಇನ್ನೂ ನಡೆಯುತ್ತದೆ.

ಇಸವಿ ಬರೆದಾದ ಮೇಲೆ ಅದರ ಕೆಳಗೆ ಕಣ್ಣು ಹಾಯಿಸಿ. ಅಲ್ಲಿ ಟಂಕಸಾಲೆಯ ಗುರುತು ಇರುತ್ತದೆ. ಸಣ್ಣ ವಜ್ರದ ಆಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ದುಂಡು ಚುಕ್ಕಿ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತಾ. ಯುದ್ಧಕಾಲದ ನಾಣ್ಯದಲ್ಲಿ ಇಂಗ್ಲಿಷಿನ ‘ಎಲ್’ ಅಕ್ಷರ ಕಂಡರೆ ಅದು ಲಾಹೋರಿನಲ್ಲಿ ಅಚ್ಚಾದದ್ದು. ಆಮೇಲೆ ಆ ಊರು ಬೇರೆ ದೇಶಕ್ಕೆ ಸೇರಿತು, ನಾಣ್ಯ ನಮ್ಮ ಮನೆಯಲ್ಲಿ ಉಳಿಯಿತು. 1985ರ ಒಂದು ರೂಪಾಯಿಯಲ್ಲಿ ‘ಎಚ್’ ಇದ್ದರೆ ಬರ್ಮಿಂಗ್‌ಹ್ಯಾಂನದ್ದು. ಆ ದಿನಗಳಲ್ಲಿ ಚಿಲ್ಲರೆಗೆ ಬರ ಬಂದು ಸರ್ಕಾರ ಹೊರದೇಶಗಳಲ್ಲಿ ನಾಣ್ಯ ಹೊಡೆಸಿತು. ಬ್ರಿಟನ್, ಕೆನಡಾ, ದಕ್ಷಿಣ ಕೊರಿಯಾ, ಮೆಕ್ಸಿಕೋ, ಸ್ಲೊವಾಕಿಯಾ, ದಕ್ಷಿಣ ಆಫ್ರಿಕಾದಿಂದೆಲ್ಲ ನಮ್ಮ ಚಿಲ್ಲರೆ ಬಂದಿದೆ.

ಐದನೆಯದು: ಓದಲು ಬಾರದವನ್ನು ಬೇರೆ ಇಡಿ

ಇಷ್ಟಾದ ಮೇಲೆ ನಾಲ್ಕಾರು ಬಿಲ್ಲೆ ಉಳಿಯುತ್ತವೆ. ದಪ್ಪ, ಓರೆಕೋರೆ, ಕಪ್ಪು. ಇಸವಿ ಕಾಣದು. ಇಂಥವನ್ನೇ ಜನ ಹಳೇ ತಾಮ್ರ ಎಂದು ಪಾತ್ರೆ ಅಂಗಡಿಗೆ ಹಾಕಿಬಿಡುತ್ತಾರೆ. ನನ್ನ ಕಣ್ಣಿಗೆ ಡಬ್ಬಿಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಪತ್ತು ಇವೇ. ಬೆಳ್ಳಿ ರೂಪಾಯಿ ದೇಶದ ತುಂಬಾ ಕೋಟಿಗಟ್ಟಲೆ ಇದ್ದವು. ಈ ಬಿಲ್ಲೆಗಳು ನಮ್ಮ ಸೀಮೆಯವು.

ಬೆಳಕು ಪಕ್ಕದಿಂದ ಬೀಳುವಂತೆ ಕಿಟಕಿಯ ಹತ್ತಿರ ಹಿಡಿದು ನಿಧಾನಕ್ಕೆ ತಿರುಗಿಸಿ. ಆನೆ ಕಂಡಿತೇ? ಹಾಗಾದರೆ ಮೈಸೂರಿನದು ಇರಬಹುದು. ಆನೆಯ ಮೇಲೆ ಕನ್ನಡದ ‘ಶ್ರೀ’ ಇದ್ದು, ಹಿಂಬದಿಯಲ್ಲಿ ‘ಮಯಿಲಿ ಕಾಸು’ ಎಂಬ ಕನ್ನಡ ಬರಹ, ಜೊತೆಗೆ ಇಂಗ್ಲಿಷಿನಲ್ಲಿ ‘ಕ್ಯಾಶ್’ ಎಂದಿದ್ದರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಮೈಸೂರು ನಾಣ್ಯಗಳ ಅಚ್ಚು 1843ರಲ್ಲಿ ನಿಂತುಹೋಯಿತು. ಹಾಗಾಗಿ ಅದು ಖಂಡಿತ 180 ವರ್ಷಕ್ಕಿಂತ ಹಳೆಯದು.

ಆನೆ ಇದ್ದು, ಬರಹ ಎಲ್ಲ ಪರ್ಶಿಯನ್ ಲಿಪಿಯಲ್ಲಿದ್ದರೆ ಟಿಪ್ಪುವಿನದು. ಅವನ ನಾಣ್ಯಗಳನ್ನು ಓದುವುದು ತುಂಬಾ ಖುಷಿಯ ಕೆಲಸ. ಪ್ರತಿ ನಾಣ್ಯಕ್ಕೂ ಹೆಸರಿತ್ತು. ತಾಮ್ರದವಕ್ಕೆ ನಕ್ಷತ್ರ ಗ್ರಹಗಳ ಹೆಸರು: ಒಂದು ಪೈಸೆ ‘ಜೊಹ್ರಾ’, ಅಂದರೆ ಶುಕ್ರ. ಅರ್ಧ ಪೈಸೆ ‘ಬಹ್ರಾಂ’, ಮಂಗಳ. ಕಾಲು ಪೈಸೆ ‘ಅಖ್ತರ್’, ನಕ್ಷತ್ರ. ಅದಕ್ಕೂ ಸಣ್ಣದು ‘ಕುತ್ಬ್’, ಧ್ರುವ. ಬೆಳ್ಳಿ ರೂಪಾಯಿ ‘ಇಮಾಮಿ’, ಎರಡು ರೂಪಾಯಿ ‘ಹೈದರಿ’. ‘ಪಟನ್’ ಎಂದು ಬರೆದಿದ್ದರೆ ಶ್ರೀರಂಗಪಟ್ಟಣದಲ್ಲಿ, ‘ನಗರ್’ ಎಂದಿದ್ದರೆ ಮಲೆನಾಡಿನ ಬಿದನೂರಿನಲ್ಲಿ ಅಚ್ಚಾದದ್ದು.

ಇಸವಿಯಲ್ಲಿ ಒಂದು ತೊಡಕಿದೆ. ಟಿಪ್ಪು 1787ರ ಹೊತ್ತಿಗೆ ಮುಸ್ಲಿಮರ ಹಿಜರಿ ಶಕೆ ಬಿಟ್ಟು ಮೌಲೂದಿ ಎಂಬ ಹೊಸ ಶಕೆ ತಂದ. ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. 1215 ಎಂಬುದು ನಮ್ಮ ಕಣ್ಣಿಗೆ 5121 ಎಂದು ಕಾಣುತ್ತದೆ. ತಿರುಗಿಸಿ ಓದಿ, 572 ಕೂಡಿಸಿ. 1215ಕ್ಕೆ 572 ಸೇರಿಸಿದರೆ 1787.

ಅವನ ತಂದೆ ಹೈದರಾಲಿಯ ಚಿನ್ನದ ವರಹ ಇನ್ನೊಂದು ಬಗೆ. ಒಂದು ಮುಖದಲ್ಲಿ ಶಿವ ಪಾರ್ವತಿ, ಇನ್ನೊಂದರಲ್ಲಿ ತನ್ನ ಹೆಸರಿನ ಮೊದಲ ಪರ್ಶಿಯನ್ ಅಕ್ಷರ. ಇಕ್ಕೇರಿಯ ನಾಯಕರ ವರಹದಲ್ಲಿದ್ದ ದೇವರನ್ನು ಅವನು ಹಾಗೆಯೇ ಉಳಿಸಿಕೊಂಡ. ಜನ ನಂಬಿದ ಮುಖವನ್ನು ಬದಲಿಸಿದರೆ ಪೇಟೆಯಲ್ಲಿ ನಾಣ್ಯ ನಡೆಯುವುದಿಲ್ಲ ಎಂಬ ಲೆಕ್ಕ ಅವನಿಗೆ ಇದ್ದಿರಬೇಕು.

ಬೀದರ್, ಕಲಬುರಗಿ, ರಾಯಚೂರು ಕಡೆಯ ಮನೆಗಳಲ್ಲಿ ಚಾರ್‌ಮಿನಾರ್ ಚಿತ್ರದ ರೂಪಾಯಿ ಸಿಗುತ್ತದೆ. ಅದು ಹೈದರಾಬಾದ್ ನಿಜಾಮರ ‘ಹಾಲಿ ಸಿಕ್ಕಾ’ ಎಂಬ ನಾಣ್ಯ. ಅದರಲ್ಲಿ ಹಿಜರಿ ಇಸವಿ ಇರುತ್ತದೆ. ಹಿಜರಿ ವರ್ಷ ಚಂದ್ರನ ಲೆಕ್ಕದ್ದು, ನಮ್ಮದಕ್ಕಿಂತ ಸುಮಾರು 11 ದಿನ ಚಿಕ್ಕದು. ಹಾಗಾಗಿ ನೇರವಾಗಿ ಕೂಡಿಸಿದರೆ ತಪ್ಪಾಗುತ್ತದೆ. ಇಸವಿಯನ್ನು 33ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಕಳೆಯಿರಿ, ಆಮೇಲೆ 622 ಕೂಡಿಸಿ. ಹಿಜರಿ 1321 ಇದ್ದರೆ, 40 ಕಳೆದು 1281. ಅದಕ್ಕೆ 622 ಸೇರಿಸಿದರೆ 1903.

ಬೇಳೆ ಕಾಳಿನಷ್ಟು ಸಣ್ಣ ಚಿನ್ನದ ಚೂರು ಸಿಕ್ಕಿತೇ? ಎಸೆಯುವ ಮೊದಲು ಭೂತಗನ್ನಡಿಯಲ್ಲಿ ನೋಡಿ. ಕಂಠೀರವ ನರಸರಾಜ ಒಡೆಯರು (1638–1659) ಹೊರಡಿಸಿದ ಕಂಠೀರವ ಹಣ ಇರಬಹುದು. ತೂಕ ಗ್ರಾಮಿನ ಮೂರನೇ ಒಂದು ಭಾಗದಷ್ಟು. ಅಷ್ಟರಲ್ಲೇ ನರಸಿಂಹನ ಚಿತ್ರ ಇದೆ. ಇಷ್ಟು ಸಣ್ಣ ನಾಣ್ಯ ಎಣಿಸುವುದೇ ಒಂದು ಕಷ್ಟ. ತಿರುವಾಂಕೂರಿನಲ್ಲಿ ಇಂಥದ್ದೇ ಪುಟ್ಟ ‘ಚಕ್ರಂ’ ಎಣಿಸಲು ಸಾಲುಸಾಲು ಗುಳಿ ಕೊರೆದ ಮರದ ಹಲಗೆ ಇತ್ತು. ಹಲಗೆಯ ಮೇಲೆ ನಾಣ್ಯ ಸುರಿದು ಅಲ್ಲಾಡಿಸಿದರೆ ಗುಳಿಗೆ ಒಂದರಂತೆ ಕೂರುತ್ತಿತ್ತು. ಮಿಕ್ಕದ್ದನ್ನು ಸವರಿ ತೆಗೆದರೆ ಎಣಿಕೆ ಮುಗಿಯಿತು.

ಹೊಯ್ಸಳರ, ವಿಜಯನಗರದ ವರಹಗಳು ಡಬ್ಬಿಯಲ್ಲಿ ಸಿಗುವುದು ಅಪರೂಪ. ಆದರೂ ತಿಳಿದಿರಲಿ. ವಿಷ್ಣುವರ್ಧನನ ಚಿನ್ನದ ನಾಣ್ಯಗಳ ಮೇಲೆ ಕನ್ನಡದಲ್ಲಿ ‘ಶ್ರೀ ತಲಕಾಡುಗೊಂಡ’, ‘ಶ್ರೀ ನೊಳಂಬವಾಡಿಗೊಂಡ’ ಎಂದಿದೆ. ತಲಕಾಡು ಗೆದ್ದ ಸುದ್ದಿ ಊರೂರಿಗೆ ತಲುಪಿದ್ದು ಹೀಗೆ, ಜನರ ಕೈಯಿಂದ ಕೈಗೆ. ಕೃಷ್ಣದೇವರಾಯನ ವರಹದಲ್ಲಿ ಬಾಲಕೃಷ್ಣ, ಅಚ್ಯುತರಾಯನದ್ದರಲ್ಲಿ ಗಂಡಭೇರುಂಡ. ಅದೇ ಗಂಡಭೇರುಂಡ ಇವತ್ತು ನಮ್ಮ ರಾಜ್ಯದ ಲಾಂಛನದಲ್ಲಿದೆ.

ಆರನೆಯದು: ತೂತು, ಕೊಂಡಿ, ಸವೆತ ನೋಡಿ

ಸಂಗ್ರಾಹಕರಿಗೆ ತೂತು ಮಾಡಿದ ನಾಣ್ಯ ಅಂದರೆ ಬೇಡ. ಮನೆಯವರಾದ ನಮಗೆ ಹಾಗಲ್ಲ. ನಾಣ್ಯದ ಮೇಲಿನ ಪ್ರತಿ ಗುರುತೂ ಅದನ್ನು ಯಾರು ಹೇಗೆ ಬಳಸಿದರು ಎಂದು ಹೇಳುತ್ತದೆ.

ಅಂಚಿನಲ್ಲಿ ಬೆಸುಗೆಯ ಕಲೆ ಇದ್ದರೆ ಅದು ಯಾರದೋ ಕಾಸಿನ ಸರದಲ್ಲಿ ಇದ್ದದ್ದು. ಬ್ಯಾಂಕ್ ಇಲ್ಲದ ಕಾಲದಲ್ಲಿ ಹೆಣ್ಣುಮಕ್ಕಳ ಕೊರಳೇ ಉಳಿತಾಯ ಖಾತೆ. ಕಷ್ಟ ಬಂದಾಗ ಒಂದೊಂದೇ ಕಾಸು ಬಿಚ್ಚಿ ಮಾರುತ್ತಿದ್ದರು. ಮೇಲ್ಭಾಗದಲ್ಲಿ ತೂತು ಇದ್ದರೆ ಲಂಬಾಣಿ ಹೆಣ್ಣುಮಕ್ಕಳ ಉಡುಪಿನಿಂದ ಬಂದದ್ದೂ ಆಗಬಹುದು. ಕನ್ನಡಿ, ಕವಡೆ ಜೊತೆಗೆ ನಾಣ್ಯವನ್ನೂ ಹೊಲಿಯುವ ಈ ಕಸೂತಿ ಸಂಡೂರಿನಲ್ಲಿ ಇಂದಿಗೂ ಜೀವಂತ ಇದೆ. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ಅರಿಶಿನದ ಕಲೆ ಗಾಢವಾಗಿ ಇಳಿದಿದ್ದರೆ ಅದು ಮುಡುಪಿನದ್ದು ಇರಬಹುದು. ಮನೆಯಲ್ಲಿ ಯಾರಿಗೋ ಹುಷಾರಿಲ್ಲದಾಗ ನಾಣ್ಯವನ್ನು ಹಳದಿ ಬಟ್ಟೆಯಲ್ಲಿ ಗಂಟು ಕಟ್ಟಿ ತಿಮ್ಮಪ್ಪನಿಗೋ ಮಂಜುನಾಥನಿಗೋ ಹರಕೆ ಹೊತ್ತಿರುತ್ತಾರೆ. ಹರಕೆ ತೀರಿಸಲು ಹೋಗಲಾಗದೆ ಉಳಿದ ಗಂಟುಗಳೂ ಇರುತ್ತವೆ. ಅಂಥ ಗಂಟು ಸಿಕ್ಕರೆ ಹಿರಿಯರನ್ನು ಕೇಳದೆ ಬಿಚ್ಚಬೇಡಿ.

ಕಮಲದ ಚಿತ್ರದ ಇಪ್ಪತ್ತು ಪೈಸೆಗೂ ಪೂಜೆಯ ನಂಟಿದೆ. 1968ರಿಂದ ಕೆಲವೇ ವರ್ಷ ಬಂದ ನಾಣ್ಯ ಅದು. ಬಣ್ಣ ಚಿನ್ನದ್ದು, ಮೇಲೆ ಲಕ್ಷ್ಮಿಯ ಹೂವು. 108 ನಾಣ್ಯ ಕೂಡಿಸಿ ಅರ್ಚನೆ ಮಾಡಲು ಜನ ಅದನ್ನು ಎತ್ತಿಟ್ಟುಕೊಂಡರು. ಚಲಾವಣೆಯಲ್ಲಿ ಕಾಣದಾಯಿತು, ದೇವರ ಮನೆಯಲ್ಲಿ ಉಳಿಯಿತು. ಹಾಗಾಗಿ ಇದು ವಿರಳ ಅಲ್ಲ. ಯಾರಾದರೂ ಸಾವಿರಗಟ್ಟಲೆ ಬೆಲೆ ಹೇಳಿದರೆ ನಂಬಬೇಡಿ.

ಏಳನೆಯದು: ನಕಲಿ ಮತ್ತು ಮೋಸ

ರಾಮ, ಸೀತೆ, ಹನುಮಂತ ಇದ್ದು ಹಿಂದೆ ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದು ಬರೆದ ನಾಣ್ಯ ನಿಮ್ಮಲ್ಲೂ ಇರಬಹುದು. ಕೆಲವದರಲ್ಲಿ 1616, 1717 ಎಂದಿರುತ್ತದೆ. ‘ಯುಕೆಎಲ್ ಒನ್ ಆಣಾ’ ಎಂಬ ಬರಹವೂ ಸಿಗುತ್ತದೆ. ಇವು ಯಾವುವೂ ಕಂಪನಿ ಹೊಡೆಸಿದ ನಾಣ್ಯ ಅಲ್ಲ. ಪೂಜೆಗೆಂದೂ ಮಾರಾಟಕ್ಕೆಂದೂ ಬಹಳ ಆಮೇಲೆ ಮಾಡಿದ ಬಿಲ್ಲೆಗಳು. ಪೂಜೆಗೆ ಇಟ್ಟುಕೊಳ್ಳಿ, ಅದರಲ್ಲಿ ತಪ್ಪಿಲ್ಲ. ಲಕ್ಷ ಕೊಟ್ಟು ಕೊಳ್ಳಬೇಡಿ. ಅಕ್ಕಿ ಎಳೆಯುತ್ತದೆ, ಮಿಂಚು ಹಿಡಿಯುತ್ತದೆ ಎಂಬ ಕಥೆ ಕಟ್ಟಿ ಮಾರುವವರಿದ್ದಾರೆ. ಅದು ಶುದ್ಧ ಮೋಸ.

ಬೆಳ್ಳಿ ರೂಪಾಯಿಗಳಲ್ಲಿ 1939ರದ್ದು ನಿಜಕ್ಕೂ ವಿರಳ. ಆ ಕಾರಣಕ್ಕೇ ಬೇರೆ ಇಸವಿಯ ಅಂಕಿ ತಿದ್ದಿ 1939 ಮಾಡಿದವು ಪೇಟೆಯಲ್ಲಿವೆ. ಕೊನೆಯ ಅಂಕಿಯ ಸುತ್ತ ಲೋಹ ಕೆರೆದಂತೆ, ಒರಟಾಗಿ ಕಂಡರೆ ಪರಿಣತರಿಗೆ ತೋರಿಸದೆ ಮುಂದುವರಿಯಬೇಡಿ.

ಇದಕ್ಕಿಂತ ದೊಡ್ಡ ಅಪಾಯ ಫೋನಿನಲ್ಲಿ ಬರುತ್ತದೆ. ‘ನಿಮ್ಮ ಐದು ರೂಪಾಯಿ ನಾಣ್ಯಕ್ಕೆ ಹತ್ತು ಲಕ್ಷ, ಮೊದಲು ನೋಂದಣಿ ಶುಲ್ಕ ಕಟ್ಟಿ, ರಿಸರ್ವ್ ಬ್ಯಾಂಕ್ ಅನುಮತಿ ಇದೆ’ ಎನ್ನುತ್ತಾರೆ. ರಿಸರ್ವ್ ಬ್ಯಾಂಕ್ ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು 2021ರಲ್ಲೇ ಸಾರ್ವಜನಿಕವಾಗಿ ಎಚ್ಚರಿಸಿದೆ. ನೆನಪಿಡಿ: ಕೊಳ್ಳುವವನು ದುಡ್ಡು ಕೊಡಬೇಕು, ಕೇಳಬಾರದು. ಮಾರಲೇಬೇಕು ಅಂದರೆ ನಾಣ್ಯ ಪ್ರದರ್ಶನಗಳಿಗೆ ಹೋಗಿ ಮೂರು ನಾಲ್ಕು ವ್ಯಾಪಾರಿಗಳ ಹತ್ತಿರ ಕೇಳಿ, ಆಮೇಲೆ ತೀರ್ಮಾನಿಸಿ.

ಎಂಟನೆಯದು: ಕಾನೂನು

ಹೊಲ ಉಳುವಾಗ, ಪಾಯ ತೋಡುವಾಗ ಸಿಕ್ಕ ನಾಣ್ಯ ನಿಧಿಯ ಲೆಕ್ಕಕ್ಕೆ ಬರುತ್ತದೆ. ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ತಿಳಿಸಬೇಕು. ಮುಚ್ಚಿಡುವುದು ಅಪರಾಧ. ಮುಚ್ಚಿಟ್ಟರೆ ಚರಿತ್ರೆಗೂ ನಷ್ಟ. ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯಗಳ ಜೊತೆ ರೋಮನ್ನರವೂ ಸಿಕ್ಕವು. ಅವು ಅಧಿಕಾರಿಗಳ ಕೈಗೆ ಬಾರದೆ ಅಕ್ಕಸಾಲೆಯ ಕುಲುಮೆಗೆ ಹೋಗಿದ್ದರೆ, ಎರಡು ಸಾವಿರ ವರ್ಷದ ಹಿಂದೆ ನಮ್ಮ ಊರುಗಳಿಗೆ ಆ ಹಣ ಬಂದಿತ್ತೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದಲ್ಲಿರುವ ಮಗಳಿಗೆ ಅಜ್ಜಿಯ ವಿಕ್ಟೋರಿಯಾ ರೂಪಾಯಿ ಕಳಿಸುವ ಆಸೆ ಇದ್ದರೆ ಇದನ್ನು ಮೊದಲು ಯೋಚಿಸಿ.

ಚಲಾವಣೆಯ ನಾಣ್ಯ ಕರಗಿಸುವುದು, ನಾಶ ಮಾಡುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ. 2007ರ ಸುಮಾರಿಗೆ ನಮ್ಮ ರೂಪಾಯಿಗಳನ್ನು ಬಾಂಗ್ಲಾದೇಶಕ್ಕೆ ಕದ್ದು ಸಾಗಿಸಿ ಕ್ಷೌರದ ಬ್ಲೇಡ್ ಮಾಡುತ್ತಿದ್ದ ಜಾಲದ ಸುದ್ದಿ ಬಂದಿತ್ತು. ನಾಣ್ಯದ ಬೆಲೆಗಿಂತ ಅದರ ಲೋಹಕ್ಕೆ ಬೆಲೆ ಜಾಸ್ತಿ ಆದಾಗ ಹೀಗಾಗುತ್ತದೆ. ನಮ್ಮ ನಾಣ್ಯಗಳು ವರ್ಷದಿಂದ ವರ್ಷಕ್ಕೆ ತೆಳ್ಳಗೆ, ಹಗುರ ಆಗಿದ್ದಕ್ಕೆ ಇದೂ ಒಂದು ಕಾರಣ.

ಹತ್ತು ರೂಪಾಯಿ ನಾಣ್ಯ ಬೇಡ ಅನ್ನುವ ಅಂಗಡಿಗಳು ಈಗಲೂ ಇವೆ. ರೂಪಾಯಿ ಚಿಹ್ನೆ ಇಲ್ಲದ್ದು ನಕಲಿ ಎಂಬ ಗಾಳಿಸುದ್ದಿ ಅದಕ್ಕೆ ಕಾರಣ. ಚಿಹ್ನೆ ನಾಣ್ಯಗಳ ಮೇಲೆ ಬಂದದ್ದೇ 2011ರಿಂದ. ಅದಕ್ಕೂ ಮುಂಚಿನ ನಾಣ್ಯದಲ್ಲಿ ಇರಲು ಹೇಗೆ ಸಾಧ್ಯ? ಆಗ ಚಲಾವಣೆಯಲ್ಲಿದ್ದ 14 ವಿನ್ಯಾಸಗಳೂ ಸರಿ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಅಂಗಡಿಯವರಿಗೆ ಸಮಾಧಾನದಿಂದ ಇದನ್ನು ತಿಳಿಸಿ.

ಒಂಬತ್ತನೆಯದು: ಜೋಪಾನ

ಓದಿ ಮುಗಿದ ನಾಣ್ಯಗಳನ್ನು ಮತ್ತೆ ಒಟ್ಟಿಗೆ ಡಬ್ಬಿಗೆ ಸುರಿಯಬೇಡಿ. ಒಂದಕ್ಕೊಂದು ತಾಗಿ ಗೀರು ಬೀಳುತ್ತದೆ. ಒಂದೊಂದಕ್ಕೂ ಬೇರೆ ಲಕೋಟೆ ಮಾಡಿ. ಸಂಗ್ರಾಹಕರ ಅಂಗಡಿಯಲ್ಲಿ ನಡುವೆ ಪಾರದರ್ಶಕ ಕಿಟಕಿ ಇರುವ ರಟ್ಟಿನ ಹೋಲ್ಡರ್ ಸಿಗುತ್ತದೆ, ಅದು ಒಳ್ಳೆಯದು. ಮೆತ್ತಗೆ, ವಾಸನೆ ಬರುವ ಪಿವಿಸಿ ಕವರ್ ಬೇಡ. ಕೆಲವು ವರ್ಷದಲ್ಲಿ ಅದು ತಾಮ್ರದ ಮೇಲೆ ಹಸಿರು ಅಂಟು ಬಿಡುತ್ತದೆ. ರಬ್ಬರ್ ಬ್ಯಾಂಡ್ ಕೂಡ ಬೇಡ, ಅದರಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಮಲೆನಾಡು, ಕರಾವಳಿಯವರು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವನ್ನು ಜೊತೆಗಿಡಿ, ಮಳೆಗಾಲ ಮುಗಿದ ಮೇಲೆ ಬದಲಾಯಿಸಿ.

ಲಕೋಟೆಯ ಮೇಲೆ ಇಸವಿ, ತೂಕ, ಲೋಹ, ಟಂಕಸಾಲೆ ಬರೆಯಿರಿ. ಅದರ ಕೆಳಗೆ ಇನ್ನೊಂದು ಸಾಲು ಬಿಡಿ: ಇದು ಯಾರಿಂದ ಬಂತು, ಯಾವಾಗ ಬಂತು. ಈ ಸಾಲನ್ನು ಯಾವ ಪರಿಣತರೂ ತುಂಬಿಕೊಡಲಾರರು. ಮನೆಯ ಹಿರಿಯರಿಗೆ ಮಾತ್ರ ಗೊತ್ತು. ನಾಣ್ಯವನ್ನು ಅವರ ಕೈಗೆ ಕೊಟ್ಟು ಕೇಳಿ. ಮದುವೆಯ ಮುಯ್ಯಿಗೆ ಬಂದದ್ದೋ, ಮೊದಲ ಸಂಬಳದಲ್ಲಿ ಉಳಿದದ್ದೋ, ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ತಂದದ್ದೋ, ಅವರ ಮಾತಿನಲ್ಲೇ ಬರೆದುಕೊಳ್ಳಿ.

ಹೋಲಿಸಿ ನೋಡಬೇಕು ಅನ್ನಿಸಿದರೆ ಉಡುಪಿಯಲ್ಲಿ ಹಿಂದಿನ ಕಾರ್ಪೊರೇಷನ್ ಬ್ಯಾಂಕ್ ತನ್ನ ಸ್ಥಾಪಕರ ಮನೆಯಲ್ಲೇ ಮಾಡಿದ ನಾಣ್ಯ ಸಂಗ್ರಹಾಲಯ ಇದೆ. ಮುಂಬೈಗೆ ಹೋದಾಗ ರಿಸರ್ವ್ ಬ್ಯಾಂಕಿನ ಮ್ಯೂಸಿಯಂ ನೋಡಬಹುದು. ಸಮಯ, ರಜಾದಿನ ವಿಚಾರಿಸಿಕೊಂಡು ಹೋಗಿ. ಹೋಗುವಾಗ ನಾಣ್ಯ ಒಯ್ಯಬೇಡಿ, ಎರಡೂ ಮುಖದ ಫೋಟೋ ಸಾಕು. ಫೋಟೋದಲ್ಲಿ ನಾಣ್ಯದ ಪಕ್ಕ ಒಂದು ಅಳತೆಪಟ್ಟಿ ಇಟ್ಟಿರಿ, ಗಾತ್ರ ತಿಳಿಯದೆ ಯಾರೂ ಗುರುತಿಸಲಾರರು.

ಮಕ್ಕಳಿಗೆ ಈ ಆಸಕ್ತಿ ಹಿಡಿಸಬೇಕಾದರೆ ಹಳೇ ಡಬ್ಬಿಯಿಂದ ಶುರು ಮಾಡಬೇಡಿ. ದಿನದ ಚಿಲ್ಲರೆಯನ್ನು ಅವರ ಮುಂದೆ ಸುರಿದು ವಜ್ರ, ನಕ್ಷತ್ರ, ಚುಕ್ಕಿ ಹುಡುಕಲು ಹೇಳಿ. 2006ರ ಬಸವೇಶ್ವರರ ಐದು ರೂಪಾಯಿ ಕೈಗೆ ಬಂದರೆ ಖರ್ಚು ಮಾಡದೆ ಅವರಿಗೇ ಕೊಡಿ.